ಮೂರನೆಯ ತಟ್ಟು

ಮೂವತ್ತು ಸೆಕೆಂಡು ಮೀರಬಾರದಂತೆ,
ಜೊತೆಗೆ ಸ್ವರಲಿಪಿಯೂ ಬೇಕಂತೆ.
ಮಡಿಕೇರಿಯ ವಕೀಲರು ಫೋನಿನಲ್ಲಿ ಹೇಳಿದ್ದನ್ನು
ಬಿಲ್ಲಿನ ಬೆನ್ನಿಗೆ ಗೀಚಿಕೊಂಡು
ಚೋಂದಮ್ಮ ನಮ್ಮ ಮೆಟ್ಟಿಲು ಹತ್ತಿದರು:
"ಟೀಚರೇ, ಇಗರ್ಜಿಯಲ್ಲಿ ಆರ್ಗನ್ ನುಡಿಸುವವರು ನೀವು,
ನಮ್ಮ ಅಂಗಡಿಯ ಸದ್ದನ್ನು ಕಾಗದಕ್ಕೆ ಇಳಿಸಿಕೊಡಿ."

ವಿರಾಜಪೇಟೆಯಲ್ಲಿ ಅದನ್ನು ಕೇಳದ ಕಿವಿ ಯಾವುದು?
ಗಿರಣಿ ಗೊರಗೊರ ನಿಂತಮೇಲೆ
ಮೊಯ್ದು ಉಕ್ಕಿನ ಸೌಟನ್ನು ಡಬ್ಬದ ಅಂಚಿಗೆ
ಟಕ್, ಟಕ್,
ಆಮೇಲೆ ಅರ್ಧ ಉಸಿರು ತಡೆದು
ಹಿತ್ತಾಳೆಯ ತೂಕದ ಬಟ್ಟಿಗೆ
ಣಿಣ್.
ನನ್ನ ಕ್ಲಾಸಿನ ಮಕ್ಕಳು ಬೆಂಚಿನ ಮೇಲೆ ಅದನ್ನೇ ಬಡಿದು
ಬೈಸಿಕೊಂಡಿದ್ದಾರೆ.
ಒಮ್ಮೆ ಪ್ರಸಂಗದ ನಡುವೆ ಅದು ಕೇಳಿ
ಫಾದರ್ ಪಾಸ್ಕಲ್ ಸಾಲು ಮರೆತು
ಕಾಫಿ ನೆನೆದವರಂತೆ ನಿಂತಿದ್ದರು.

ಈಗ ಗೋಣಿಕೊಪ್ಪದವನೊಬ್ಬ,
ಪುಡಿಗಿಂತ ಚಿಕೋರಿ ಹೆಚ್ಚು ಹಾಕುವವನು,
ಆಟೋದ ನೆತ್ತಿಗೆ ಮೈಕು ಕಟ್ಟಿ
ಅದೇ ಟಕ್ ಟಕ್ ಣಿಣ್ ಹಾಕಿಕೊಂಡು
ಊರೂರು ತಿರುಗುತ್ತಿದ್ದಾನೆ.
"ಬೋರ್ಡು ಕದ್ದರೆ ಕಿತ್ತು ತರಬಹುದು.
ಸದ್ದು ಕದ್ದವನ ಯಾವ ಕೈ ಹಿಡಿಯುವುದು?"

ವಕೀಲರದ್ದು ಬೇರೆಯೇ ತಕರಾರು.
ಯಂತ್ರ ತಾನಾಗಿ ಹೊರಡಿಸುವ ಸದ್ದು ಯಾರ ಸೊತ್ತೂ ಅಲ್ಲ,
ಕೆಲಸಕ್ಕೆ ಬೇಕಾಗಿ ಬರುವ ಸದ್ದಿಗೆ ನೋಂದಣಿ ಕಷ್ಟ.
ಯಾವುದು ಯಾಕೆ, ಕೇಳಿ ಬರೆಯಿರಿ.

ಕೇಳಿದೆ.
"ಒಂದನೆಯದು, ಸೌಟಿಗೆ ಅಂಟಿದ ಪುಡಿ ಉದುರಲಿಕ್ಕೆ.
ಎರಡನೆಯದು, ಒಂದಕ್ಕೆ ಉದುರದೆ ಮೊಂಡು ಹಿಡಿದದ್ದಕ್ಕೆ."
ಮೂರನೆಯದು?
ಮೊಯ್ದು ರಸ್ತೆಯಾಚೆಯ ಮೊಬೈಲ್ ಅಂಗಡಿ ನೋಡಿದ.
"ಅದಕ್ಕೇನೂ ಕೆಲಸ ಇಲ್ಲ ಟೀಚರೇ."

ವಕೀಲರು ಫೋನಿನಲ್ಲೇ ಕುಣಿದರು:
"ಕೆಲಸಕ್ಕೆ ಬಾರದ್ದು ತಾನೇ! ಗಟ್ಟಿ ಹಿಡಿಯಿರಿ ಅದನ್ನು,
ನಮ್ಮ ಕೇಸು ನಿಂತಿರುವುದೇ ಅದರ ಮೇಲೆ."

ಉಳಿದದ್ದನ್ನು ಹೇಳಿದ್ದು ಮೊಯ್ದು ಅಲ್ಲ,
ಮೂಲೆಯಲ್ಲಿ ಕಿತ್ತಳೆ ಮಾರುವ ಸೀತೆ.
ಆ ಮೊಬೈಲ್ ಅಂಗಡಿಯ ಜಾಗದಲ್ಲಿ ಮೊದಲು ಕುಲುಮೆ.
ಐರಿ ಕುಟ್ಟಪ್ಪ ಅಲ್ಲಿ ಪೀಚೆಕತ್ತಿ ಹದ ಮಾಡುತ್ತಿದ್ದ,
ಮಾತು ಕಡಿಮೆ, ಬೀಡಿ ಜಾಸ್ತಿ.
ಇವನು ಬಟ್ಟಿಗೆ ಣಿಣ್ ಎಂದರೆ
ಅವನು ಅಡಿಗಲ್ಲಿಗೆ ಒಂದೇ ಒಂದು ಣಣ್.
ಕಾಫಿ ಬಿಸಿ ಇದೆ.
ಬಂದೆ.
ಅಷ್ಟೇ ಅದರ ಅರ್ಥ, ದಿನಕ್ಕೆ ನಾಲ್ಕು ಸಲ.
ಕುಟ್ಟಪ್ಪ ಹೋಗಿ ಹನ್ನೊಂದು ವರ್ಷ.

ಅಂಗಡಿ ಬಾಗಿಲೆಳೆದು ರೆಕಾರ್ಡ್ ಮಾಡಿದೆವು.
ಟಕ್, ಟಕ್. ಣಿಣ್.
ಮೊಯ್ದು ಸೌಟು ಕೆಳಗಿಡಲಿಲ್ಲ.
ಮುಚ್ಚಿದ ಬಾಗಿಲಿನ ಕಡೆಗೆ ಕತ್ತು ಸ್ವಲ್ಪ ವಾಲಿಸಿ
ಹಾಗೇ ನಿಂತ.
"ಕೊನೆಯ ನಾಲ್ಕು ಸೆಕೆಂಡು ಬರೀ ಖಾಲಿ, ಕತ್ತರಿಸುತ್ತೇನೆ,"
ಎಂದ ಚೋಂದಮ್ಮನ ಅಳಿಯ.
ಬೇಡ ಎಂದೆ,
ಯಾಕೆಂದು ವಿವರಿಸಲು ಬರಲಿಲ್ಲ.
ಮನೆಗೆ ಬಂದು ಗೆರೆ ಎಳೆದು
ಎರಡು ಕಪ್ಪು ಬಿಂದು, ಒಂದು ಬಿಳಿ,
ಅದರ ಮುಂದೆ ಮೌನದ ಗುರುತುಗಳನ್ನು
ಎಣಿಸಿ ಕೂರಿಸಿದೆ.

ಒಡೆಯರ ಖಾನೆಯಲ್ಲಿ ಸಹಿ ಹಾಕುವಾಗ
ಚೋಂದಮ್ಮನ ಪೆನ್ನು ತಡವರಿಸಿತು.
"ಮೊಯ್ದು, ನಿನ್ನ ಹೆಸರನ್ನೂ ಸೇರಿಸಲಾ?"
"ಬ್ಯಾಡ ಅಕ್ಕ. ಆಮೇಲೆ ಅವನದ್ದೂ ಸೇರಿಸಬೇಕಾಗ್ತದೆ."

ಆಟೋ ಇನ್ನೂ ಓಡಾಡುತ್ತಿದೆ.
ಅದರಲ್ಲಿ ಣಿಣ್ ಮುಗಿಯುವ ಮೊದಲೇ ಮತ್ತೆ ಟಕ್,
ಉಸಿರಿಗೂ ಜಾಗವಿಲ್ಲ.
ಅರ್ಜಿ ಪರಿಶೀಲನೆಯಲ್ಲಿದೆಯಂತೆ,
ವರ್ಷವೂ ಆಗಬಹುದಂತೆ.

ನನಗೆ ಸಂಭಾವನೆ ಅರ್ಧ ಕಿಲೋ, ಚಿಕೋರಿ ಇಲ್ಲದ್ದು.
ನಿನ್ನೆ ಅದನ್ನು ಕಟ್ಟಿಕೊಡುವಾಗ ಮೊಯ್ದು ತಟ್ಟಿದ.
ನನಗೂ ಚಟ, ಒಳಗೊಳಗೇ ಎಣಿಸಿದೆ.
ನಾಲ್ಕಲ್ಲ,
ಐದೂವರೆ.
ತಪ್ಪು ಬರೆದುಕೊಟ್ಟಿದ್ದೇನೆ ಸರ್ಕಾರಕ್ಕೆ.